ಗೋಪುರವಿಲ್ಲದ ವಿಮಾನ ನಿಲ್ದಾಣ



ವಿಮಾನ ನಿಲ್ದಾಣವೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವ ಚಿತ್ರದಲ್ಲಿ ಎತ್ತರವಾದ ಒಂದು ಗೋಪುರವೂ ಸೇರಿರುತ್ತದೆ. ಅದರ ತುದಿಯಲ್ಲಿ ಸುತ್ತಲೂ ಗಾಜಿನ ಕಿಟಕಿಗಳುಳ್ಳ ಒಂದು ಕೊಠಡಿ. ಒಳಗೆ ಕುಳಿತ ಅಧಿಕಾರಿಯು ರೇಡಿಯೋ ಮೂಲಕ ಒಂದು ವಿಮಾನಕ್ಕೆ ಇಳಿಯೆಂದೂ, ಇನ್ನೊಂದಕ್ಕೆ ನಿಲ್ಲೆಂದೂ, ಮತ್ತೊಂದಕ್ಕೆ ಏರೆಂದೂ ಅಪ್ಪಣೆ ಕೊಡುತ್ತಿರುತ್ತಾನೆ. ಅವನ ಮಾತಿಲ್ಲದೆ ಅಲ್ಲಿ ಒಂದು ಚಕ್ರವೂ ಉರುಳುವುದಿಲ್ಲ. ದೊಡ್ಡ ಊರುಗಳ ಮಟ್ಟಿಗೆ ಈ ಚಿತ್ರ ನಿಜವಾದುದೇ. ಆದರೆ ವಿಮಾನಗಳ ಸಂಖ್ಯೆಯಲ್ಲಿ ಎಲ್ಲ ದೇಶಗಳಿಗಿಂತ ಮುಂದಿರುವ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಸಾರ್ವಜನಿಕರು ಬಳಸಬಹುದಾದ ನಿಲ್ದಾಣಗಳು ಸುಮಾರು 5,000 ಇದ್ದರೆ, ಅವುಗಳಲ್ಲಿ ಗೋಪುರವುಳ್ಳವು 500ಕ್ಕೆ ತುಸು ಹೆಚ್ಚು ಮಾತ್ರ. ಎಂದರೆ ಹತ್ತರಲ್ಲಿ ಒಂಬತ್ತು ಕಡೆ ಅಪ್ಪಣೆ ಕೊಡುವವರಿಲ್ಲ. ಅಂಥ ಕಡೆಯೂ ವಿಮಾನಗಳು ಹಗಲಿರುಳು ಏರುತ್ತಲೂ ಇಳಿಯುತ್ತಲೂ ಇರುತ್ತವೆ. ಅವು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಇರುವುದು ಹೇಗೆ? ಎಂದಾದರೊಂದು ದಿನ ಹೊಡೆದರೆ ಅದಕ್ಕೆ ಕಾರಣವೇನು? ಈ ಎರಡು ಪ್ರಶ್ನೆಗಳನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಗೋಪುರವು ವಿಮಾನದೊಂದಿಗೆ ಹುಟ್ಟಿದ್ದಲ್ಲವೆಂಬುದನ್ನು ಮೊದಲು ನೆನೆಯುವುದು ಒಳ್ಳೆಯದು. ಲಂಡನ್ನಿನ ಬಳಿಯ ಕ್ರಾಯ್ಡನ್ ನಿಲ್ದಾಣದಲ್ಲಿ 1920ರಲ್ಲಿ ಒಂದು ಗೋಪುರವನ್ನು ಕಟ್ಟಿದರು. ಅಮೆರಿಕಾದಲ್ಲಾದರೋ 1929ರಲ್ಲಿ ಸೇಂಟ್ ಲೂಯಿಸ್ ನಗರದ ನಿಲ್ದಾಣದವರು ಆರ್ಚೀ ಲೀಗ್ ಎಂಬಾತನನ್ನು ಈ ಕೆಲಸಕ್ಕೆ ನೇಮಿಸಿದಾಗ ಆತನಿಗೆ ಗೋಪುರವೂ ಇರಲಿಲ್ಲ, ರೇಡಿಯೋ ಕೂಡ ಇರಲಿಲ್ಲ. ಒಂದು ಕೈಗಾಡಿಯಲ್ಲಿ ಕುರ್ಚಿ, ಛತ್ರಿ, ಬುತ್ತಿ, ಎರಡು ಬಾವುಟಗಳು. ಇಷ್ಟನ್ನು ತಳ್ಳಿಕೊಂಡು ಹೋಗಿ ಆತ ಬಯಲಿನಲ್ಲಿ ಕುಳಿತುಕೊಳ್ಳುತ್ತಿದ್ದ. ಚೌಕುಳಿಯ ಬಾವುಟ ತೋರಿಸಿದರೆ ‘ಹೊರಡು’ ಎಂದೂ, ಕೆಂಪು ಬಾವುಟ ತೋರಿಸಿದರೆ ‘ತಾಳು’ ಎಂದೂ ಅರ್ಥ. ಅದಕ್ಕೆ ಮುಂಚೆ ಎಲ್ಲ ಕಡೆಯೂ ಚಾಲಕರು ತಮ್ಮ ತಮ್ಮಲ್ಲೇ ನಡೆಸಿಕೊಂಡು ಬಂದ ಏರ್ಪಾಟಿತ್ತು. ಗೋಪುರವಿಲ್ಲದ ನಿಲ್ದಾಣಗಳಲ್ಲಿ ಅದೇ ಏರ್ಪಾಟು, ತಿದ್ದುಪಡಿಗಳೊಂದಿಗೆ, ಈಗಲೂ ನಡೆದಿದೆ. ಆದುದರಿಂದ ಇದನ್ನು ಅರಾಜಕತೆಯೆಂದು ತಿಳಿಯಬಾರದು. ಅರಸನಿಲ್ಲದಿದ್ದರೂ ಇಲ್ಲಿ ನಡಾವಳಿ ಉಂಟು.

ಆ ನಡಾವಳಿಯೆಂಥದು ಎಂಬುದನ್ನು ನೋಡೋಣ. ವಿಮಾನವು ಏರುವುದಕ್ಕೂ ಇಳಿಯುವುದಕ್ಕೂ ಗಾಳಿಗೆ ಎದುರಾಗಿ ಓಡುವುದು ಲೇಸು. ಆಗ ಸ್ವಲ್ಪ ನೆಲದಲ್ಲೇ ಕೆಲಸ ಮುಗಿಯುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂಬುದನ್ನು ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲವೊಂದು ತೋರಿಸುತ್ತದೆ. ಗಾಳಿ ಒಂದೇ ದಿಕ್ಕಿನಿಂದ ಬೀಸದಾದುದರಿಂದ ಅನೇಕ ನಿಲ್ದಾಣಗಳಲ್ಲಿ ಎರಡು ಮೂರು ರನ್‌ವೇಗಳಿರುತ್ತವೆ. ರನ್‌ವೇ ಎಂದರೆ ವಿಮಾನದ ಓಟದ ಹಾದಿ. ನಾನು ಮುಂದೆ ಹಾದಿಯೆಂದೇ ಹೇಳುತ್ತೇನೆ. ಪ್ರತಿಯೊಂದು ಹಾದಿಯ ತುದಿಗೂ ಒಂದು ಅಂಕಿಯನ್ನು ಬರೆದಿರುತ್ತಾರೆ. ಇದು ಒಂದು, ಎರಡು, ಮೂರು ಎಂಬ ಎಣಿಕೆಯಲ್ಲ, ದಿಕ್ಸೂಚಿಯ ಅಂಶಗಳ ಲೆಕ್ಕ. ಪೂರ್ವಕ್ಕೆ 90 ಅಂಶ. ಕೊನೆಯ ಸೊನ್ನೆಯನ್ನು ಬಿಟ್ಟು 9 ಎನ್ನುತ್ತಾರೆ. ದಕ್ಷಿಣಕ್ಕೆ 18, ಪಶ್ಚಿಮಕ್ಕೆ 27, ಉತ್ತರಕ್ಕೆ 36. ಹಾಗಾದರೆ 4 ಎಂಬ ಹಾದಿಯೂ 13 ಎಂಬ ಹಾದಿಯೂ ಒಂದನ್ನೊಂದು ಹೇಗೆ ಕತ್ತರಿಸುತ್ತವೆ? ಅಂಶಗಳಲ್ಲಿ 40, 130. ನಡುವೆ 90, ಸರಿಯಾದ ಮೂಲೆಮಟ್ಟ. ಈ ಎರಡು ಅಂಕಿಗಳನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಹೇಳುವ ಸಂಗತಿಗೆ ಅವು ಬೇಕಾಗುತ್ತವೆ.

ಇಳಿಯಬೇಕೆಂದು ಬಂದ ವಿಮಾನವು ನೇರವಾಗಿ ನುಗ್ಗಿ ಇಳಿಯುವುದು ವಾಡಿಕೆಯಲ್ಲ. ದೇವಸ್ಥಾನದಲ್ಲಿ ಪ್ರದಕ್ಷಿಣೆಯಿರುವಂತೆ ಇಲ್ಲಿಯೂ ಒಂದು ಸುತ್ತು ಉಂಟು, ಆದರೆ ಅಪ್ರದಕ್ಷಿಣೆ. ನೆಲದಿಂದ ಸಾಮಾನ್ಯವಾಗಿ 1,000 ಅಡಿಗಳ ಎತ್ತರದಲ್ಲಿ, ಹಾದಿಗೆ ಸಮಾನಾಂತರವಾಗಿ ಗಾಳಿಯ ಜತೆಯಲ್ಲಿ ಹೋಗಿ, ಎಡಕ್ಕೆ ತಿರುಗಿ, ಮತ್ತೊಮ್ಮೆ ಎಡಕ್ಕೆ ತಿರುಗಿ, ಹಾದಿಯ ನೇರಕ್ಕೆ ಬಂದು ಇಳಿಯತಕ್ಕದ್ದು. ಚಾಲಕನು ಎಡಗಡೆಯ ಪೀಠದಲ್ಲಿ ಕುಳಿತುಕೊಳ್ಳುವುದರಿಂದ ಎಡಕ್ಕೆ ತಿರುಗಿದರೆ ಹಾದಿಯು ಅವನ ಕಣ್ಣಿಗೆ ತಪ್ಪುವುದಿಲ್ಲ. ಬೆಟ್ಟವೋ ಊರೋ ಅಡ್ಡವಿದ್ದ ಕಡೆ ಬಲಸುತ್ತನ್ನೂ ಗೊತ್ತುಮಾಡಿರುತ್ತಾರೆ. ಈ ಸುತ್ತಿನ ಪ್ರಯೋಜನವೇನೆಂದರೆ, ಎಲ್ಲರೂ ಒಂದೇ ಬಳಸು ಹಾದಿಯಲ್ಲಿ ಬಂದರೆ ಇತರರನ್ನು ಎಲ್ಲಿ ಹುಡುಕಬೇಕೆಂಬುದು ಮೊದಲೇ ತಿಳಿದಿರುತ್ತದೆ. ಆಕಾಶ ವಿಶಾಲವಾದುದು, ಎಲ್ಲ ಕಡೆಯೂ ನೋಡು ಎಂದರೆ ಎಲ್ಲಿಯೂ ನೋಡಬೇಡ ಎಂದಂತೆಯೇ ಸರಿ.

ಸುತ್ತಿನ ಜತೆಗೆ ಮಾತು. ಗೋಪುರವಿಲ್ಲದ ಪ್ರತಿಯೊಂದು ನಿಲ್ದಾಣಕ್ಕೂ ರೇಡಿಯೋದಲ್ಲಿ ಗೊತ್ತಾದ ಒಂದು ಅಲೆಯುಂಟು. ಬರುವವರೂ ಹೋಗುವವರೂ ಅದರಲ್ಲಿಯೇ ತಾವು ಯಾರು, ಎಲ್ಲಿದ್ದೇವೆ, ಮುಂದೆ ಏನು ಮಾಡಲಿದ್ದೇವೆ ಎಂಬುದನ್ನು ಸಾರುತ್ತಾರೆ. ಹತ್ತು ಮೈಲಿಗಳ ದೂರದಿಂದಲೇ ಸಾರಲು ತೊಡಗಬೇಕೆಂಬುದು ಅಮೆರಿಕಾದ ವಿಮಾನಯಾನಾಧಿಕಾರಿಗಳ ಸಲಹೆ. ಒಂದೇ ಅಲೆಯನ್ನು ಸುತ್ತಮುತ್ತಲಿನ ನಾಲ್ಕಾರು ನಿಲ್ದಾಣಗಳು ಹಂಚಿಕೊಂಡಿರುವುದೂ ಉಂಟು. ಆದ್ದರಿಂದ ಮಾತಿನ ಮೊದಲಲ್ಲಿ ಊರ ಹೆಸರು, ಕೊನೆಯಲ್ಲಿ ಮತ್ತೆ ಊರ ಹೆಸರು. ನಮ್ಮ ಕಡೆ ಡಂಗುರ ಹೊಡೆಯುವವನೂ ತಾನು ಯಾರ ಅಪ್ಪಣೆಯ ಮೇರೆಗೆ, ಯಾವ ಊರಿನವರಿಗೆ ಸಾರುತ್ತಿದ್ದೇನೆಂಬುದನ್ನು ಮೊದಲೇ ಹೇಳುತ್ತಿದ್ದನಷ್ಟೆ. ಇಲ್ಲಿಯ ವ್ಯತ್ಯಾಸವೆಂದರೆ, ಅಪ್ಪಣೆ ಯಾರದೂ ಅಲ್ಲ. ಒಬ್ಬ ಚಾಲಕನು ‘ನಾನು ಇಳಿಯುತ್ತಿದ್ದೇನೆ’ ಎಂದು ಸಾರಿದ ಮಾತ್ರಕ್ಕೆ ಅವನಿಗೆ ಹಾದಿ ಬರೆದುಕೊಟ್ಟಂತಾಗಲಿಲ್ಲ. ಅದು ವರ್ತಮಾನವೇ ಹೊರತು ಹಕ್ಕುಪತ್ರವಲ್ಲ. ಈ ಸೂಕ್ಷ್ಮವು ಮರೆತುಹೋಗುವುದು ಎಷ್ಟು ಸುಲಭವೆಂಬುದಕ್ಕೆ ಒಂದು ಉದಾಹರಣೆಯನ್ನು ವಿಸ್ತಾರವಾಗಿ ಹೇಳಬೇಕಾಗಿದೆ.

ಇಲಿನಾಯ್ ಪ್ರಾಂತದಲ್ಲಿ ಮಿಸಿಸಿಪ್ಪಿ ನದಿಯ ದಡದ ಮೇಲೆ ಕ್ವಿನ್ಸಿ ಎಂಬ ಊರಿದೆ. ಅದರ ವಿಮಾನ ನಿಲ್ದಾಣದಲ್ಲಿ ಗೋಪುರವಿರಲಿಲ್ಲ. 1996ನೆಯ ಇಸವಿ ನವೆಂಬರ್ 19ನೆಯ ತಾರೀಖು, ಸಂಜೆ ಐದು ಗಂಟೆ; ಸೂರ್ಯ ಮುಳುಗುವ ಹೊತ್ತು. ಷಿಕಾಗೋ ನಗರದಿಂದ ಹೊರಟು ಬರ್ಲಿಂಗ್‌ಟನ್ ಎಂಬ ಊರಿನಲ್ಲಿ ಇಳಿದು ಒಂದು ಪ್ರಯಾಣಿಕರ ವಿಮಾನ ಅಲ್ಲಿಗೆ ಬರುತ್ತಿತ್ತು. ಬೀಚ್ 1900 ಎಂಬ ಮಾದರಿಯದು. ಹತ್ತು ಮಂದಿ ಪ್ರಯಾಣಿಕರು, ಇಬ್ಬರು ಚಾಲಕರು. ಮುಖ್ಯ ಚಾಲಕಿ ಒಬ್ಬ ಹೆಂಗಸು. ಅವರು 13ನೆಯ ಹಾದಿಯಲ್ಲಿ ಇಳಿಯಬೇಕೆಂದು ನಿಶ್ಚಯಿಸಿ, ಸುಮಾರು 30 ಮೈಲಿಗಳ ದೂರದಿಂದಲೇ ಆ ಸಂಗತಿಯನ್ನು ರೇಡಿಯೋದಲ್ಲಿ ಸಾರಿದ್ದರು. ಆಮೇಲೂ ಮತ್ತೆ ಮತ್ತೆ ಸಾರಿದರು. ಅವರ ಕಡೆಯಿಂದ ಮಾತಿಗೆ ಕೊರತೆಯಾಗಲಿಲ್ಲ.

ಅದೇ ಹೊತ್ತಿಗೆ ನೆಲದ ಮೇಲೆ ಎರಡು ವಿಮಾನಗಳು 4ನೆಯ ಹಾದಿಯಿಂದ ಏರಲು ಸಿದ್ಧವಾಗಿದ್ದುವು. ಮುಂದಿನದು ಕಿಂಗ್ ಏರ್ ಎಂಬ ಎರಡು ಎಂಜಿನುಗಳ ವಿಮಾನ. ಅದರಲ್ಲಿ ಇಬ್ಬರು ಚಾಲಕರು, ಒಬ್ಬರು ಬಹಳ ಅನುಭವಸ್ಥರು. ಅದರ ಹಿಂದೆ ತನ್ನ ಸರದಿಯನ್ನು ಕಾಯುತ್ತ ನಿಂತಿದ್ದುದು ಚೆರೊಕೀ ಎಂಬ ಒಂದೇ ಎಂಜಿನಿನ ಸಣ್ಣ ಯಂತ್ರ. ಅದರ ಚಾಲಕನಿಗೆ ಅನುಭವ ಕಡಮೆ. ಕಿಂಗ್ ಏರಿನವರು ತಾವು 4ನೆಯ ಹಾದಿಯ ಮೇಲೆ ಹೋಗಿ ನಿಲ್ಲುತ್ತೇವೆಂದು ಸಾರಿ, ಅದರಂತೆ ಹೋಗಿ ನಿಂತರು. ಸುಮಾರು ಒಂದು ನಿಮಿಷ ಕಾಲ ಅವರು ಅಲ್ಲಿಯೇ ಇದ್ದರು.

ಇಳಿಯುತ್ತಿದ್ದ ವಿಮಾನದ ಚಾಲಕಿಗೆ ಇದು ಕೇಳಿಸಿತು. ಅಡ್ಡ ಹಾದಿಯಲ್ಲಿ ಒಂದು ವಿಮಾನ ನಿಂತಿದೆ. ಅದು ತಾನು ದಾಟುವವರೆಗೆ ನಿಂತಿರುವುದೋ, ಇಲ್ಲವೆ ಹೊರಟುಬಿಡುವುದೋ? ಆಕೆ ಸುಮ್ಮನಿರದೆ ಅದನ್ನೇ ಕೇಳಿದಳು. 4ನೆಯ ಹಾದಿಯ ಮೇಲಿನ ವಿಮಾನವು ಅಲ್ಲೇ ನಿಲ್ಲುವುದೇ, ಹೊರಡುವುದೇ ಎಂಬುದು ಆ ಪ್ರಶ್ನೆಯ ತಾತ್ಪರ್ಯ. ಇದಕ್ಕಿಂತ ಸರಿಯಾದ ಪ್ರಶ್ನೆಯನ್ನು ಯಾರೂ ಕೇಳಲಾರರು.

ಉತ್ತರ ಬಂದಿತು. ಆದರೆ ಉತ್ತರ ಕೊಟ್ಟವನು ಕಿಂಗ್ ಏರಿನವನಲ್ಲ. ಅದರ ಹಿಂದಿದ್ದ ಚೆರೊಕೀಯವನು. ತಾನು 4ನೆಯ ಹಾದಿಯಿಂದ ಹೊರಡುವುದಕ್ಕಾಗಿ ಕಾದು ನಿಂತಿದ್ದೇನೆಂದು ತನ್ನ ವಿಮಾನದ ಸಂಖ್ಯೆಯನ್ನು ಹೇಳಿಯೇ ಆತ ನುಡಿದ. ಅದೇ ಕ್ಷಣಕ್ಕೆ ಇಳಿಯುತ್ತಿದ್ದ ವಿಮಾನದೊಳಗೆ, ನೆಲದಿಂದ 200 ಅಡಿ ಎತ್ತರಕ್ಕೆ ಬಂದಿರಿ ಎಂದು ಎಚ್ಚರಿಸುವ ಯಂತ್ರದ ಧ್ವನಿಯು ಗಟ್ಟಿಯಾಗಿ ಕೂಗಿತು. ಚೆರೊಕೀಯವನ ಮಾತಿನ ನಡುಭಾಗ ಅದರಲ್ಲಿ ಮುಳುಗಿಹೋಯಿತು. ಆ ಮಾತಿನ ಕೊನೆಯಲ್ಲಿ ‘ಕಿಂಗ್ ಏರ್’ ಎಂಬ ಹೆಸರು ಮಾತ್ರ ತೇಲಿಬಂದಿತು. ಕೇಳಿದವರು ಏನೆಂದುಕೊಂಡಾರು? ಪ್ರಶ್ನೆ ಕಿಂಗ್ ಏರಿಗೆ. ಉತ್ತರದಲ್ಲಿ ‘ಕಾದು ನಿಂತಿದ್ದೇನೆ’ ಎಂಬುದಿದೆ, ‘ಕಿಂಗ್ ಏರ್’ ಎಂಬುದೂ ಇದೆ. ಆಕೆ ಸಮಾಧಾನಪಟ್ಟು, ಕಿಂಗ್ ಏರಿನ ಮುಂದೆ ತಾವು ದಾಟಿಹೋಗುವುದಾಗಿ ಹೇಳಿ ಉಪಕಾರವನ್ನೂ ಸ್ಮರಿಸಿದಳು. ತಪ್ಪು ತಿಳಿದಿರಿ ಎಂದು ಯಾರೂ ಹೇಳಲಿಲ್ಲ.

ಅರ್ಧ ನಿಮಿಷದ ಆಸುಪಾಸಿನಲ್ಲಿ, ಹಾದಿಗಳೆರಡೂ ಕೂಡುವ ಸ್ಥಳದಲ್ಲಿ, ಓಡಿ ಬರುತ್ತಿದ್ದ ಕಿಂಗ್ ಏರಿಗೂ ಇಳಿದು ಓಡುತ್ತಿದ್ದ ಬೀಚ್ ವಿಮಾನಕ್ಕೂ ಡಿಕ್ಕಿಯಾಯಿತು. ಕಿಂಗ್ ಏರಿನವರು ತಾವು ಹೊರಟೆವೆಂದು ಸಾರಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಕಂಡು ತಡೆ ಹಾಕಿದ ಚಕ್ರಗಳ ಉಜ್ಜಿನ ಗುರುತು ನೆಲದ ಮೇಲೆ ಉಳಿದಿತ್ತು. ಎರಡೂ ವಿಮಾನಗಳು ಅಕ್ಕಪಕ್ಕದಲ್ಲಿ ನಿಂತು ಹತ್ತಿಕೊಂಡವು.

ಈ ವೃತ್ತಾಂತದಲ್ಲಿ ಅತ್ಯಂತ ದುಃಖಕರವಾದ ಭಾಗ ಇನ್ನು ಮುಂದಿನದು. ಪ್ರಯಾಣಿಕರ ವಿಮಾನದಲ್ಲಿದ್ದವರು ಡಿಕ್ಕಿಯ ಪೆಟ್ಟಿನಿಂದ ಸಾಯಲಿಲ್ಲ. ನಿಲ್ದಾಣದಲ್ಲಿದ್ದ ಕೆಲವರು ಓಡಿಬಂದಾಗ ಚಾಲಕಿಯು ಕಿಟಕಿಯಲ್ಲಿ ಮುಖ ತೋರಿಸಿ ಬಾಗಿಲನ್ನು ತೆಗೆಯಿರೆಂದು ಕೇಳಿಕೊಂಡಳು. ಹೊರಗಿನವರು ಹಿಡಿದೆಳೆದರು, ಬಾಗಿಲು ಬರಲಿಲ್ಲ. ಡಿಕ್ಕಿಯ ಪೆಟ್ಟಿಗೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಸಿಕ್ಕಿಕೊಂಡಿತ್ತು. ಹೊಗೆ ತುಂಬಿತು. ಊರಿನಿಂದ ಬೆಂಕಿಯನ್ನಾರಿಸುವ ಯಂತ್ರ ಬರುವ ಹೊತ್ತಿಗೆ ಎಲ್ಲವೂ ಮುಗಿದಿತ್ತು. ಎರಡು ವಿಮಾನಗಳಲ್ಲಿದ್ದ 14 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಇಷ್ಟು ಸಣ್ಣ ವಿಮಾನಗಳು ಬಂದುಹೋಗುವ ನಿಲ್ದಾಣದಲ್ಲಿ ಬೆಂಕಿಯ ದಳವನ್ನು ಇಟ್ಟಿರಬೇಕೆಂಬ ಕಟ್ಟಳೆ ಆಗ ಇರಲಿಲ್ಲ. 30ಕ್ಕಿಂತ ಹೆಚ್ಚು ಪೀಠಗಳುಳ್ಳ ವಿಮಾನಗಳಿಗೆ ಮಾತ್ರ ಆ ಕಟ್ಟಳೆ ಅನ್ವಯಿಸುತ್ತಿತ್ತು. 2004ರಲ್ಲಿ ಒಂಬತ್ತಕ್ಕೆ ಮೇಲ್ಪಟ್ಟ ಪೀಠಗಳುಳ್ಳ, ಗೊತ್ತಾದ ವೇಳೆಗೆ ಸಂಚರಿಸುವ ವಿಮಾನಗಳು ಬರುವ ನಿಲ್ದಾಣಗಳನ್ನೂ ಅದರ ವ್ಯಾಪ್ತಿಗೆ ತಂದರು.

ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಲಿಯವರು ವಿಚಾರಣೆ ನಡೆಸಿ ಕೊಟ್ಟ ನಿರ್ಣಯದಲ್ಲಿ ಮುಖ್ಯ ದೋಷ ಕಿಂಗ್ ಏರಿನವರದು: ಅವರು ರೇಡಿಯೋದ ಅಲೆಯನ್ನು ಸರಿಯಾಗಿ ಆಲಿಸಲಿಲ್ಲ, ಇಲ್ಲವೆ ಸುತ್ತಲೂ ಸರಿಯಾಗಿ ನೋಡಲಿಲ್ಲ. ಚೆರೊಕೀಯವನ ತುಂಡಾದ ಮಾತು ಅದಕ್ಕೆ ಸಹಾಯಕವಾದ ಕಾರಣ. ಈ ನಿರ್ಣಯ ನ್ಯಾಯವಾದುದೆಂದೇ ನನ್ನ ಅಭಿಪ್ರಾಯ. ಆದರೆ ಓದುವವನ ಮನಸ್ಸನ್ನು ಕಾಡುವುದು ದೋಷಿಗಳ ಪಟ್ಟಿಯಲ್ಲ. ದೋಷವೇ ಇಲ್ಲದ ಆ ಪ್ರಶ್ನೆ, ಅದಕ್ಕೆ ಬಂದ ದೋಷವಿಲ್ಲದಂತೆ ತೋರಿದ ಉತ್ತರ. ಕೇಳಿದವಳು ಎಚ್ಚರಗೇಡಿಯಲ್ಲ. ಉತ್ತರಿಸಿದವನು ಸುಳ್ಳಾಡಿದವನಲ್ಲ, ಅವನು ನಿಜವಾಗಿಯೂ ಕಾದು ನಿಂತಿದ್ದ. ಕತ್ತಲಲ್ಲಿ ಕೂಗಿದಾಗ ‘ಓ’ ಎಂದವನು ನಾವು ಕರೆದವನೇ ಎಂದು ಹೇಗೆ ನಂಬುವುದು? ರೇಡಿಯೋದಲ್ಲಿ ಮುಖವಿಲ್ಲ. ಈಗ ನನ್ನ ಧ್ವನಿಯನ್ನು ಕೇಳುತ್ತಿರುವ ನಿಮಗೂ ನನ್ನ ಮುಖ ಕಾಣದು. ಹೆಸರನ್ನು ಮೊದಲೇ ಹೇಳದಿದ್ದರೆ ಯಾರು ಮಾತನಾಡುತ್ತಿದ್ದಾರೆಂಬುದನ್ನು ಊಹಿಸಬೇಕಾಗುತ್ತಿತ್ತು. ಹೀಗೆ ಊಹಿಸುವಾಗ ಮನುಷ್ಯನು ತನಗೆ ಬೇಕಾದ ಉತ್ತರವನ್ನೇ ಊಹಿಸುತ್ತಾನೆ.

ಇದರ ಜತೆಗೆ ಈ ರೇಡಿಯೋಗಳ ಒಂದು ಸ್ವಭಾವದೋಷವನ್ನೂ ಹೇಳಬೇಕು. ಟೆಲಿಫೋನಿನಲ್ಲಿ ಇಬ್ಬರು ಏಕಕಾಲಕ್ಕೆ ಮಾತನಾಡಿದರೂ ಒಬ್ಬರ ಮಾತು ಒಬ್ಬರಿಗೆ ಒಂದಿಷ್ಟಾದರೂ ಕೇಳಿಸುತ್ತದೆ. ವಿಮಾನದ ರೇಡಿಯೋದಲ್ಲಿ ಹಾಗಲ್ಲ. ಗುಂಡಿಯನ್ನು ಒತ್ತಿ ಮಾತನಾಡುತ್ತಿರುವಷ್ಟು ಹೊತ್ತೂ ಮಾತನಾಡುವವನು ಕಿವುಡ. ಇಬ್ಬರು ಒಂದೇ ಕ್ಷಣದಲ್ಲಿ ಗುಂಡಿ ಒತ್ತಿದರೆ ಮೂರನೆಯವನಿಗೆ ಕೇಳುವುದು ಕೀಚಲು ಶಬ್ದ ಮಾತ್ರ. ಇಬ್ಬರೂ ತಾವು ಸಾರಿದೆವೆಂಬ ತೃಪ್ತಿಯಿಂದ ಮುಂದುವರಿಯುತ್ತಾರೆ. ಎಲ್ಲಕ್ಕಿಂತ ಕಿರುಕುಳವಾದುದು ಅನೇಕ ಚಾಲಕರಿಗಿರುವ ಒಂದು ಅಭ್ಯಾಸ. ಬರುತ್ತಲೇ ‘ಆಸುಪಾಸಿನಲ್ಲಿ ಇರುವವರೆಲ್ಲರೂ ತಿಳಿಸಿರಿ’ ಎಂದು ಕೇಳುವುದು. ಕೇಳುವುದಕ್ಕೆ ಸೌಜನ್ಯವಾಗಿದೆ, ಆದರೆ ಐದು ವಿಮಾನಗಳು ಇದ್ದರೆ ಐದೂ ಒಟ್ಟಿಗೆ ಉತ್ತರ ಕೊಡಲು ಹೋಗಿ ಒಂದೂ ಕೇಳಿಸದು. ಒಂದೂ ಇಲ್ಲದಿದ್ದರೂ ನಿಶ್ಶಬ್ದ, ರೇಡಿಯೋ ಇಲ್ಲದ ವಿಮಾನವಿದ್ದರೂ ನಿಶ್ಶಬ್ದ. ಈ ಮಾತನ್ನು ಆಡಬಾರದೆಂದು ಅಧಿಕಾರಿಗಳು ಬರೆದು ತಿಳಿಸಿದ್ದಾರೆ. ಬಹಳ ಹೊತ್ತು ಆಲಿಸಿ, ಸ್ವಲ್ಪ ಹೊತ್ತು ಮಾತನಾಡುವುದೇ ಇದಕ್ಕೆ ಪರಿಹಾರ. ನಮ್ಮ ಸಭೆಗಳಲ್ಲಿಯೂ ಇದನ್ನು ಜಾರಿಗೆ ತಂದರೆ ಕೆಟ್ಟದಾಗಲಾರದು.

ಹಾಗಾದರೆ ಕಣ್ಣನ್ನೇ ನಂಬೋಣವೆಂದರೆ ಕಣ್ಣಿಗೂ ಮಿತಿಗಳಿವೆ. ರೆಕ್ಕೆ ಕೆಳಗಿರುವ ವಿಮಾನದಲ್ಲಿ ಕುಳಿತವನಿಗೆ ತನ್ನ ಕೆಳಗಿನದು ಕಾಣದು. ರೆಕ್ಕೆ ಮೇಲಿರುವ ವಿಮಾನದವನಿಗೆ ಮೇಲಿನದು ಕಾಣದು. ಇವೆರಡೂ ಒಂದೇ ಹಾದಿಯಲ್ಲಿ ಇಳಿಯಲು ಒಂದರ ಮೇಲೊಂದು ಬಂದರೆ, ಕೆಳರೆಕ್ಕೆಯದು ಮೇಲೂ ಮೇಲ್‌ರೆಕ್ಕೆಯದು ಕೆಳಗೂ ಇದ್ದರೆ, ಹತ್ತಿರವಾದಷ್ಟೂ ಒಬ್ಬರಿಗೊಬ್ಬರು ಮರೆಯಾಗುತ್ತಾರೆ. ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರವಾದುದು. ನೇರವಾಗಿ, ಒಂದೇ ವೇಗದಿಂದ ಸಾಗುವ ಎರಡು ವಿಮಾನಗಳು ಡಿಕ್ಕಿಯಾಗುವುದು ಖಂಡಿತವಾಗಿದ್ದರೆ, ಒಂದರ ಕಿಟಕಿಯಲ್ಲಿ ಇನ್ನೊಂದು ಅಲುಗದೆ ಒಂದೇ ಕಡೆ ನಿಂತಂತೆ ತೋರುತ್ತದೆ. ಹಾದುಹೋಗುವ ವಿಮಾನ ಮಾತ್ರ ಚಲಿಸುವಂತೆ ಕಾಣುತ್ತದೆ. ಮನುಷ್ಯನ ಕಣ್ಣು ಚಲಿಸುವುದನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಹಿಡಿಯುವುದಿಲ್ಲ. ಎಂದರೆ ನಿರಪಾಯವಾದ ವಿಮಾನವೇ ಬೇಗ ಕಾಣುತ್ತದೆ. ಅಪಾಯದ ವಿಮಾನವು ಗಾಜಿನ ಮೇಲಿನ ಒಂದು ಚುಕ್ಕೆಯಂತೆ ಇದ್ದು, ಕಡೆಯ ಕೆಲವು ಕ್ಷಣಗಳಲ್ಲಿ ಏಕಾಏಕಿ ದೊಡ್ಡದಾಗುತ್ತದೆ. ಕಂಡದ್ದು ವಿಮಾನವೆಂದು ಗುರುತಿಸಿ, ಅದು ಮೇಲೆ ಬೀಳುತ್ತದೆಂದು ತಿಳಿದು, ಯಾವ ಕಡೆಗೆ ಹೊರಳುವುದೆಂದು ನಿಶ್ಚಯಿಸಿ, ಕೈಯಾಡಿಸಿ, ವಿಮಾನವು ಆ ಕೈಗೆ ಮಣಿಯುವುದಕ್ಕೆ ಒಟ್ಟು ಹನ್ನೆರಡೂವರೆ ಸೆಕೆಂಡುಗಳು ಹಿಡಿಯುತ್ತವೆಂದು ಲೆಕ್ಕ ಹಾಕಿದ್ದಾರೆ. ಅದರಲ್ಲಿ ಕೈಯಾಡಿಸುವುದಕ್ಕೆ ಅರ್ಧ ಸೆಕೆಂಡೂ ಇಲ್ಲ. ಅಪಾಯವಿದೆಯೆಂದು ತಿಳಿಯುವುದಕ್ಕೇ ಐದು ಸೆಕೆಂಡು.

ವೇಗ ಹೆಚ್ಚಿದಷ್ಟೂ ಈ ಹನ್ನೆರಡೂವರೆ ಸೆಕೆಂಡು ದುಬಾರಿಯಾಗುತ್ತದೆ. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಎಂಬಲ್ಲಿ, ಅದೂ ಗೋಪುರವಿಲ್ಲದ ನಿಲ್ದಾಣ, ಸೆಸ್ನಾ 152 ಎಂಬ ಪುಟ್ಟ ವಿಮಾನವೊಂದು ನಾನು ಹೇಳಿದ ಸುತ್ತಿನಲ್ಲಿ ಕ್ರಮವಾಗಿ ಬರುತ್ತಿತ್ತು. ಎರಡು ಎಂಜಿನುಗಳ ಸೆಸ್ನಾ 340 ಎಂಬುದು ಸುತ್ತಿಗೆ ಸೇರದೆ ದೂರದಿಂದ ನೇರವಾಗಿ, ಸುಮಾರು 180 ನಾಟ್ ವೇಗದಿಂದ ಬಂದಿತು. ಪುಟ್ಟ ವಿಮಾನ ಇಳಿಯುವಾಗಿನ ವೇಗಕ್ಕೆ ಇದು ಹೆಚ್ಚು ಕಡಮೆ ಮೂರರಷ್ಟು. ಇಬ್ಬರೂ ರೇಡಿಯೋದಲ್ಲಿ ಮಾತನಾಡುತ್ತಲೇ ಇದ್ದರು. ಹಿಂದಿನಿಂದ ಬರುವವನು ಬಹಳ ವೇಗವಾಗಿ ಬರುತ್ತಿದ್ದಾನೆಂದು ಕಂಡುಕೊಂಡ ಪುಟ್ಟ ವಿಮಾನದವನು, ಇಳಿಯುವುದನ್ನು ಬಿಟ್ಟು ಮೇಲೇರುತ್ತೇನೆಂದು ಹೇಳಿದ. ಹೇಳಿದ ಕೂಡಲೆ ಡಿಕ್ಕಿಯಾಯಿತು, ಮೂವರು ಮಡಿದರು. ನೇರವಾಗಿ ಬರುವುದು ಕಾನೂನಿಗೆ ವಿರುದ್ಧವಲ್ಲ. ಕೆಳಗಿರುವ ವಿಮಾನಕ್ಕೆ ಮೊದಲು ಇಳಿಯುವ ಅಧಿಕಾರವೆಂದೂ, ಆ ಅಧಿಕಾರದ ನೆವದಿಂದ ಇನ್ನೊಬ್ಬರ ಮುಂದೆ ನುಗ್ಗಬಾರದೆಂದೂ ಕಾನೂನಿನಲ್ಲಿದೆ. ಆದರೆ ಎಲ್ಲರೂ ಒಂದು ಕಡೆಯಿಂದ ಬರುತ್ತಾರೆಂಬ ನಂಬಿಕೆಯ ಮೇಲೆ ನಿಂತ ಏರ್ಪಾಟಿನಲ್ಲಿ, ಇನ್ನೊಂದು ಕಡೆಯಿಂದ ಬರುವವನು ತನ್ನ ವೇಗವನ್ನಾದರೂ ತಗ್ಗಿಸಿಕೊಂಡು ಬರಬೇಡವೆ?

ಮಂಗಳೂರಿನ ಹೆಸರು ಈ ಸಂದರ್ಭದಲ್ಲಿ ಬಂದರೆ ಶ್ರೋತೃಗಳು ಬೆಚ್ಚಬಾರದು. ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿಯೂ ಮ್ಯಾಂಗಲೋರ್ ಎಂಬ ಸ್ಥಳವಿದೆ. ಅಲ್ಲಿನ ನಿಲ್ದಾಣಕ್ಕೂ ಗೋಪುರವಿಲ್ಲ. 2020ರ ಫೆಬ್ರವರಿ 19ರಂದು ಅದರ ಬಳಿ ಎರಡು ಶಿಕ್ಷಣ ವಿಮಾನಗಳು ಆಕಾಶದಲ್ಲಿ ಕೂಡಿಬಿದ್ದು ನಾಲ್ವರು ತೀರಿಕೊಂಡರು. ಅಲ್ಲಿ ದೂರದ ನಿಯಂತ್ರಣ ಕೇಂದ್ರದವರು ಎರಡು ವಿಮಾನಗಳಿಗೂ ಇನ್ನೊಂದು ಇರುವ ಸಂಗತಿಯನ್ನು ತಿಳಿಸಿದ್ದರು. ತಿಳಿದಿದ್ದರೂ ಒಬ್ಬರನ್ನೊಬ್ಬರು ತಪ್ಪಿಸಿಕೊಳ್ಳಲಾಗಲಿಲ್ಲ. ಒಂದು ವಿಮಾನವು ತಾನಿರುವ ಜಾಗವನ್ನು ತಾನಾಗಿಯೇ ಅಲೆಗಳ ಮೂಲಕ ಹರಡುತ್ತ, ಇತರರದನ್ನು ಪರದೆಯ ಮೇಲೆ ಕಾಣಿಸುವ ಸಾಧನಗಳು ಈಗ ಬಂದಿವೆ. ಅಂಥವುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದೆಂದು ಅಲ್ಲಿಯ ವಿಚಾರಣಾಧಿಕಾರಿಗಳು ಒತ್ತಿ ಹೇಳಿದರು. ಅಮೆರಿಕಾದಲ್ಲಿ 2020ರ ಜನವರಿ 1ರಿಂದ ದಟ್ಟವಾದ ಆಕಾಶಮಾರ್ಗಗಳಲ್ಲಿ ತಾನಿರುವ ಜಾಗವನ್ನು ಹರಡುವ ಸಾಧನ ಕಡ್ಡಾಯವಾಗಿದೆ. ಗೋಪುರವಿಲ್ಲದ ಸಣ್ಣ ನಿಲ್ದಾಣಗಳಲ್ಲಿ ಹೆಚ್ಚಿನವು ಆ ಕಟ್ಟಳೆಯ ಹೊರಗೇ ಉಳಿದಿವೆ.

ಇಷ್ಟನ್ನು ಕೇಳಿದ ಮೇಲೆ, ಎಲ್ಲ ಕಡೆಯೂ ಗೋಪುರವನ್ನೇ ಕಟ್ಟಿಬಿಡಬಾರದೇಕೆ ಎಂದು ಯಾರಾದರೂ ಕೇಳಬಹುದು. ದಿನಕ್ಕೆ ಇಪ್ಪತ್ತು ವಿಮಾನಗಳು ಬರುವ ಕಡೆ ಹಗಲಿರುಳೂ ಪಾಳಿಯ ಮೇಲೆ ಅಧಿಕಾರಿಗಳನ್ನು ಕೂರಿಸುವುದು ಯಾವ ಬೊಕ್ಕಸಕ್ಕೂ ಸಾಧ್ಯವಿಲ್ಲದ ಮಾತು. ಗೋಪುರವಿದ್ದ ಕಡೆಯೂ ರಾತ್ರಿ ಗೊತ್ತಾದ ಗಂಟೆಗೆ ಬೀಗ ಹಾಕಿಕೊಂಡು ಹೋಗುವುದುಂಟು. ಆಮೇಲೆ ಅದೂ ಗೋಪುರವಿಲ್ಲದ ನಿಲ್ದಾಣವೇ. ಹೀಗೆ ಯಾರೂ ಇಲ್ಲದ ನಿಲ್ದಾಣಕ್ಕೆ ಕತ್ತಲಲ್ಲಿ ಬರುವವನು ಮೈಕಿನ ಗುಂಡಿಯನ್ನು ಐದು ಸೆಕೆಂಡುಗಳೊಳಗೆ ಏಳು ಸಲ ಒತ್ತಿದರೆ ಹಾದಿಯ ದೀಪಗಳು ಪೂರ್ಣ ಪ್ರಕಾಶದಿಂದ ಹೊತ್ತಿಕೊಳ್ಳುತ್ತವೆ. ಐದು ಸಲ ಒತ್ತಿದರೆ ಮಧ್ಯಮ, ಮೂರು ಸಲಕ್ಕೆ ಮಂದ. ಹದಿನೈದು ನಿಮಿಷಗಳಾದ ಮೇಲೆ ತಾವಾಗಿ ಆರುತ್ತವೆ. ಆಕಾಶದಲ್ಲಿದ್ದುಕೊಂಡು ನೆಲದ ದೀಪ ಹಚ್ಚುವ ಈ ಏರ್ಪಾಟನ್ನು ಕುರಿತು ಕೇಳಿದಾಗ ನನಗೆ ಬಹಳ ಸಂತೋಷವಾಯಿತು. ಗೋಪುರಕ್ಕೆ ಹಾಕುವ ಹಣದಲ್ಲಿ ಒಂದು ಪಾಲನ್ನು ಇಂಥ ಸಾಧನಗಳಿಗೂ, ಬೆಂಕಿಯನ್ನಾರಿಸುವ ಒಂದು ಬಂಡಿಗೂ, ಬಾಗಿಲು ಕಿತ್ತು ತೆಗೆಯಬಲ್ಲ ನಾಲ್ಕು ಹಾರೆಗಳಿಗೂ ವೆಚ್ಚಮಾಡುವುದೇ ವಿವೇಕವೆಂದು ನನಗೆ ತೋರುತ್ತದೆ. ಕ್ವಿನ್ಸಿಯಲ್ಲಿ ಅಂದು ಗೋಪುರವಿದ್ದಿದ್ದರೆ ಡಿಕ್ಕಿ ಬಹುಶಃ ತಪ್ಪುತ್ತಿತ್ತು, ನಿಜ. ಆದರೆ ಡಿಕ್ಕಿಯಾದ ಮೇಲೂ ಹನ್ನೆರಡು ಮಂದಿ ಜೀವಂತರಾಗಿದ್ದರೆಂಬುದನ್ನು ಮರೆಯಬಾರದು.

ನೆಲದ ಮೇಲಿನ ಕಟ್ಟುಪಾಡುಗಳನ್ನು ಕುರಿತು ಇನ್ನೆರಡು ಮಾತು. ಓಟದ ಹಾದಿಗೆ ಸೇರುವ ಕಡೆ ನೆಲದ ಮೇಲೆ ನಾಲ್ಕು ಹಳದಿ ಗೆರೆಗಳನ್ನು ಎಳೆದಿರುತ್ತಾರೆ: ಎರಡು ತುಂಬು ಗೆರೆ, ಎರಡು ತುಂಡು ಗೆರೆ. ತುಂಬು ಗೆರೆಯ ಕಡೆಯಿಂದ ಬರುವವನಿಗೆ ಅದು ಹೊಸಲು. ಗೋಪುರವಿದ್ದರೆ ಅಪ್ಪಣೆಯಿಲ್ಲದೆ ದಾಟತಕ್ಕದ್ದಲ್ಲ. ಗೋಪುರವಿಲ್ಲದ ಕಡೆ ಆ ಅಪ್ಪಣೆಯನ್ನು ಚಾಲಕನು ತನಗೆ ತಾನೇ ಕೊಟ್ಟುಕೊಳ್ಳಬೇಕು. ಕೆಲವು ಹಾದಿಗಳು ನಡುವೆ ಕೆರೆಯ ಏರಿಯಂತೆ ಉಬ್ಬಿರುವುದರಿಂದ ಒಂದು ತುದಿಯಲ್ಲಿ ನಿಂತವನಿಗೆ ಇನ್ನೊಂದು ತುದಿ ಕಾಣುವುದಿಲ್ಲ; ಅಲ್ಲಿ ಎದುರಾಗಿ ಒಂದು ವಿಮಾನ ಓಡಿಬರುತ್ತಿರಬಹುದು. ಗಾಳಿಯೇ ಇಲ್ಲದ ದಿನ ಇದು ಇನ್ನೂ ಹೆಚ್ಚು, ಏಕೆಂದರೆ ಆಗ ಯಾವ ಕಡೆಯಿಂದ ಏರಿದರೂ ಒಂದೇ. ಹಾದಿಯ ಮೇಲೆ ಹೋದವನು ಅಲ್ಲಿ ಕಾಲಹರಣ ಮಾಡದೆ ಹೊರಡಬೇಕು. ಹೊರಡುವುದು ತಡವಾಗುವುದಾದರೆ ಗೆರೆಯ ಹೊರಗೇ ನಿಂತಿರಬೇಕು. ಹಾದಿಯ ಮೇಲೆ ನಿಂತವನ ಬೆನ್ನು ಇಳಿಯುವವರ ಕಡೆಗಿರುತ್ತದೆ, ಅವನಿಗೆ ಹಿಂದಿನದು ಏನೂ ಕಾಣದು.

ರೇಡಿಯೋ ಇಲ್ಲದ ವಿಮಾನಗಳೂ ಇವೆಯೆಂದು ಆಗಲೇ ಹೇಳಿದೆನಷ್ಟೆ. 1930ರಿಂದ 1950ರವರೆಗಿನ ಕಾಲದಲ್ಲಿ ಕಟ್ಟಿದ ಪೈಪರ್ ಕಬ್ ಮೊದಲಾದ ಹಗುರವಾದ ಯಂತ್ರಗಳಲ್ಲಿ ವಿದ್ಯುತ್ತಿನ ಏರ್ಪಾಟೇ ಇಲ್ಲದವು ಬಹಳ. ಅವುಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದವರು ಇಂದಿಗೂ ರಜಾದಿನಗಳಲ್ಲಿ ಹಾರಿಸುತ್ತಾರೆ. ಅಮೆರಿಕಾದಲ್ಲಿ ಗೋಪುರವಿಲ್ಲದ ನಿಲ್ದಾಣಕ್ಕೆ ಅಂಥ ವಿಮಾನವು ಒಂದು ಮಾತನ್ನೂ ಆಡದೆ ಬಂದಿಳಿದರೆ ಅದು ಅಪರಾಧವಲ್ಲ. ಇದನ್ನು ನಿಷೇಧಿಸಬೇಕೆಂಬ ವಾದವೂ ಉಂಟು. ನನಗೆ ಆ ವಾದ ಅಷ್ಟಾಗಿ ಒಪ್ಪುವುದಿಲ್ಲ, ಏಕೆಂದರೆ ಕ್ವಿನ್ಸಿಯಲ್ಲಿಯೂ ವಾಟ್ಸನ್‌ವಿಲ್ಲಿನಲ್ಲಿಯೂ ಎಲ್ಲರ ಬಳಿಯಲ್ಲಿ ರೇಡಿಯೋ ಇತ್ತು. ಆ ಕಾರಣದಿಂದಲೇ ಹಳೆಯ ಶಿಕ್ಷಕರು ಶಿಷ್ಯರಿಗೆ ಇನ್ನೂ ಒಂದು ಪದ್ಧತಿಯನ್ನು ಹೇಳಿಕೊಡುತ್ತಾರೆ. ಹಳದಿ ಗೆರೆಯ ಹೊರಗೆ, ಹೊರಡುವೆನೆಂದು ರೇಡಿಯೋದಲ್ಲಿ ಸಾರಿಯೂ ಆದ ಮೇಲೆ, ಇಡೀ ವಿಮಾನವನ್ನೇ ನಿಂತ ಜಾಗದಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸುವುದು. ಇಳಿಯುವವರು ಬರುವ ಕಡೆಯ ಆಕಾಶವನ್ನು ಮೇಲಿನಿಂದ ನೆಲದವರೆಗೂ, ಆಮೇಲೆ ಅಡ್ಡ ಹಾದಿಯ ಎರಡು ತುದಿಗಳನ್ನೂ ಕಣ್ಣಾರೆ ನೋಡಿ, ಅಲ್ಲಿ ಹಳದಿ ಬಣ್ಣದ ಮೂಕ ವಿಮಾನವೊಂದು ಮೆಲ್ಲನೆ ಇಳಿದು ಬರುತ್ತಿಲ್ಲವೆಂದು ಖಾತ್ರಿಪಡಿಸಿಕೊಂಡು, ಅನಂತರ ಗೆರೆಯನ್ನು ದಾಟುವುದು.